ತೋಳಿನ ಪಟ್ಟಿ

ಫೋಟೋ ದಿನ ಹುಲಿಗೆಮ್ಮ ಅಳುತ್ತಲೇ ಇದ್ದಳು.
ತಕ್ಕಡಿಯ ತಟ್ಟೆ ತಣ್ಣಗಿತ್ತು, ಅಷ್ಟೆ.
ಕಂಪನಿಯ ಹುಡುಗಿ ಮೋನಿಷಾ
‘ಪಾಪು, ಇಲ್ನೋಡು’ ಅಂತ ಚಿಟಿಕೆ ಹೊಡೆದಳು.
ತಕ್ಕಡಿಯ ಎದೆ ಮೇಲೆ ಕಂಪನಿಯ ಹಸಿರೆಲೆ.
ಮುಳ್ಳು ಮಾತ್ರ ಯಾರ ಉಪ್ಪನ್ನೂ ತಿಂದಿರಲಿಲ್ಲ:
ಒಂದೂವರೆ ವರ್ಷಕ್ಕೆ ಆರು ಕಿಲೋ ಇನ್ನೂರು.

ನಾನು ದೇವೀರಮ್ಮ.
ಪಾಂಡವಪುರದಾಚೆ, ನಾಲೆ ಏರಿ ಪಕ್ಕದ ಅಂಗನವಾಡಿ,
ಇಪ್ಪತ್ತೊಂದು ವರ್ಷ ತೋಳು ಅಳೆದವಳು.
ಸಕ್ಕರೆ ಸೀಮೆ ನಮ್ಮದು.
ಪಾಠದ ಹೊತ್ತಿಗೆ ಆಲೆಮನೆಯ ಹೊಗೆ ಒಳಗೆ ಬಂದು ಕೂರುತ್ತೆ.
ಕೊಪ್ಪರಿಗೆಯಂಚಿನ ನೊರೆ ನೆಕ್ಕಿದ ಕೂಸಿಗೆ
ಕೆನ್ನೆ ತುಂಬ ಅಂಟು,
ಪಟ್ಟಿ ಸುತ್ತಿದರೆ
ತೋಳು ಕೆಂಪಲ್ಲೇ ನಿಲ್ಲುತ್ತೆ.

ಕಬ್ಬು ಕಡಿಯಲು ಬಂದವರ ಮಗು.
ಹೆಸರು ಸೇರಿಸೋಣವೆಂದರೆ ಕಾರ್ಡು
ಕೊಪ್ಪಳದ ಕಡೆ ಯಾವುದೋ ಟ್ರಂಕಿನೊಳಗೆ.
ಕಂಪನಿಯ ಮೊಟ್ಟೆ ಕಾರ್ಡು ಕೇಳಲಿಲ್ಲ.
ಅದನ್ನು ಹೇಳಲೇಬೇಕು,
ಬ್ಯಾನರಿಗೆ, ಬಣ್ಣದ ಟೋಪಿಗೆ,
ನಾಕು ಸಲ ತಟ್ಟಿಸಿದ ಅದೇ ಚಪ್ಪಾಳೆಗೆ
ಒಳಗೊಳಗೇ ಬೈದುಕೊಂಡವಳು ನಾನು.
ಆದರೂ ಸೋಮವಾರ ಟ್ರೇ ಬಂತು,
ಗುರುವಾರ ಮತ್ತೆ ಬಂತು,
ಕಡ್ಲೆಕಾಯಿ ಚಿಕ್ಕಿ ಬಂತು.
ಸ್ಟ್ರಾಬೆರಿ ಪುಡಿಯನ್ನು ಮಾತ್ರ ಹುಲಿಗೆಮ್ಮ
ನನ್ನ ಸೀರೆ ಮೇಲೇ ಉಗಿದಳು.
ರಾಗಿ ಅಂಬಲಿಗೆ ಕದಡಿ ಒಂದು ಹರಳು ಉಪ್ಪು ಹಾಕಿದೆ,
ಇಳೀತು.
ಕಂಪನಿಗೆ ಹೇಳಲಿಲ್ಲ.

ಫೆಬ್ರವರಿಯಲ್ಲಿ ಪಟ್ಟಿ ಹಳದಿಗೆ ಬಂತು.
ಅವಳವ್ವ ದುರುಗವ್ವ ಕೆಂಪು, ಹಳದಿ, ಹಸಿರು
ಮೂರರ ಮೇಲೂ ಬೆರಳಾಡಿಸಿ ನಕ್ಕಳು:
‘ಹಣ್ಣು ತಿರುಗಿ ಕಾಯಾಗಾಕ್ಹತ್ತೈತಲ್ರೀ ಅಕ್ಕಾರ!’

ಮಾರ್ಚಿಗೆ ಲೆಕ್ಕ ಮುಗಿಯುತ್ತಂತೆ.
ಫೋನಿನಲ್ಲಿ ಮೋನಿಷಾಳ ದನಿ ಸಣ್ಣಗಾಯಿತು.
ಲಾಭದಲ್ಲಿ ನೂರಕ್ಕೆ ಎರಡು,
ಮುಂದಿನ ವರ್ಷ ಕೆರೆ ಹೂಳಿಗೆ ಹೋಗುತ್ತಂತೆ.
‘ನಾನೇನೂ ಮಾಡೋಕಾಗಲ್ಲ ಮೇಡಂ’ ಅಂದಳು.
ಆಗಲ್ಲ, ಗೊತ್ತು.
ಕೆರೆಯೂ ಬೇಕು, ಬೇಡ ಅನ್ನಲು ಬಾಯಿಲ್ಲ.
ಆದರೆ ಹಸಿರಿಗೆ ಬಾಕಿ ಇದ್ದದ್ದು ಮೂರೇ ಮಿಲಿಮೀಟರು.
ಅದು ಯಾವ ವರ್ಷದ ಲೆಕ್ಕ?

ಕಬ್ಬೂ ಮುಗಿಯಿತು.
ಲಾರಿ ಹಿಂದೆ ಪಾತ್ರೆ, ಮಚ್ಚು, ಕಾಲು ಕಟ್ಟಿದ ಕೋಳಿ,
ಕೋಳಿಯ ಜುಟ್ಟಿಗೆ ಕೈ ಚಾಚುತ್ತ ಹುಲಿಗೆಮ್ಮ.
ಮಿಕ್ಕಿದ್ದ ಐದು ಮೊಟ್ಟೆ ಬೇಯಿಸಿ ದುರುಗವ್ವನ ಸೆರಗಿಗೆ ಕಟ್ಟಿದೆ,
ಜೊತೆಗೆ ಕಂಪನಿ ಕೊಟ್ಟ ತೋಳಿನ ಪಟ್ಟಿ,
ಹಸಿರು ತುದಿ ಎಲ್ಲಿಂದ ಅಂತ ಉಗುರಲ್ಲಿ ಗೀರಿ ತೋರಿಸಿ.

ಸ್ಟಾಕು ಪುಸ್ತಕದಲ್ಲಿ ಬರೆದೆ:
ಪಟ್ಟಿ ಒಂದು, ಕಾಣೆಯಾಗಿದೆ.