ಹಂಚಿನ ಲೆಕ್ಕ

ಹೊಯಿಗೆ ಬಜಾರಿನ ಹಳೆ ಹಂಚಿನ ಕಾರ್ಖಾನೆಯ
ಮಹಡಿ ಅಳೆಯಲು ನನ್ನನ್ನು ಕಳಿಸಿದ್ದರು.
ಕೈಯಲ್ಲಿ ಟೇಪು, ಚೀಲದಲ್ಲಿ ನಮೂನೆ,
ಅದರ ಒಂಬತ್ತನೇ ಕಲಂ:
‘ಕಟ್ಟಡದ ಮಹತ್ವ, ಇದ್ದಲ್ಲಿ.’

ಆ ‘ಇದ್ದಲ್ಲಿ’ಯನ್ನು ತುಂಬಿಸಲು ಬಂದವರು
ಅಪೊಲಿನ್ ಬಾಯಿ. ಪ್ರಾಯ ತೊಂಬತ್ತೆಂಟು.
ಹತ್ತುವುದು ಬೇಡವೆಂದು ಮೊಮ್ಮಗಳು ತೋಳು ಹಿಡಿದಳು.
‘ಇಪ್ಪತ್ತೊಂದು ಮೆಟ್ಟಿಲು,
ಹನ್ನೆರಡನೆಯದು ಕಿರುಗುಟ್ಟುತ್ತದೆ’ ಎನ್ನುತ್ತಾ
ಹತ್ತಿಯೇ ಬಿಟ್ಟರು.
ಕಿರುಗುಟ್ಟಿದ್ದು ಹನ್ನೊಂದನೆಯದು.
ನಿಂತರು. ‘ಹಾಗಾದರೆ ಕೆಳಗೆ ಒಂದನ್ನು ಮಣ್ಣು ನುಂಗಿದೆ.’
ಆಮೇಲೆ ನಾನು ಕೆದಕಿ ನೋಡಿದೆ.
ನುಂಗಿತ್ತು.

ಮೇಲೆ ಬಾವಲಿ ಹಿಕ್ಕೆ, ಒಂದು ಮುರಿದ ಮೇಜು.
‘ಗುಡ್ಡೆಯ ಮೇಲೆ ಅವರ ಕಿವಿ, ಇಲ್ಲಿ ನಮ್ಮ ಕೈ.
ರಾತ್ರಿ ಕೇಳಿದ್ದನ್ನು ಬೆಳಿಗ್ಗೆ ದೇಜಪ್ಪ
ಮೀನಿನ ಬುಟ್ಟಿಯ ಅಡಿಯಲ್ಲಿಟ್ಟು ಸೈಕಲ್ಲಿನಲ್ಲಿ ತರುವುದು.
ಐದೈದು ಅಂಕೆಯ ಗೊಂಚಲು, ಪುಟದ ತುಂಬ. ಬಂಗುಡೆಯ ವಾಸನೆ.
ಅರ್ಥ ನಿಮಗೆ ಬೇಡ ಎಂದಿದ್ದ ಕ್ಯಾಪ್ಟನ್.
ಒಂದೇ ಗೊಂಚಲು ಎರಡು ಸಲ ಬಂದರೆ
ಕೈ ಎತ್ತಬೇಕು, ಅಷ್ಟೇ.
ಕೈ ಎತ್ತಲಿಕ್ಕೆ ಕಾನ್ವೆಂಟಿನಲ್ಲಿ ಕಲಿತಿದ್ದೆವಲ್ಲ.’

ಮನೆಯಲ್ಲಿ ಕೇಳಿದರೆ ಹಂಚಿನ ಲೆಕ್ಕ ಬರೆಯುವ ಕೆಲಸ.
ಆಮೇಲೆ ಗಂಡನಿಗೂ ಅದೇ.
ಜಾಲರಿಯ ಆಚೆ ಕೂತ ಪಾದ್ರಿಗೂ ಅದೇ.
‘ನಿಮ್ಮ ಕನ್ನಡದಲ್ಲಿ ಎಷ್ಟು ಚೆಂದ ಉಂಟು ನೋಡು ಮಗಾ,
ಹಂಚಿನ ಲೆಕ್ಕ. ಹಂಚಬಾರದ ಲೆಕ್ಕ.’

ಮಾಡಿನಲ್ಲಿ ಒಂದೇ ಗಾಜಿನ ಹಂಚು.
ಅದರ ಬಿಸಿಲು ಸುಗುಣಾ ಸೋನ್ಸಳ ಮೊಣಕೈಗೆ ಬಂದರೆ ಹತ್ತು ಗಂಟೆ,
ಇವರ ಪೆನ್ಸಿಲ್ ಡಬ್ಬಿಗೆ ಬಂದರೆ
ಬೆಂಗ್ರೆಯ ಕುಂಞಿಪಾತು ಗಂಜಿನೀರು ತರುವ ಹೊತ್ತು.
ಈಗ ಅದು ನನ್ನ ಬೂಟಿನ ಮೇಲೆ ಬಿದ್ದಿತ್ತು.
ಪಕ್ಕಕ್ಕೆ ಸರಿದೆ.

ತುಂಬ ಹೊತ್ತು ಮಾತಿಲ್ಲ.

‘ಒಂದು ದಿನ ಒಡೆಯಿತು.
ಹಡಗಿನ ಹೆಸರು, ಅಕ್ಷರಕ್ಕೆ ಅಕ್ಷರ,
ನನ್ನ ಪೆನ್ಸಿಲಿನಡಿ ಎದ್ದು ಬಂತು,
ಅದು ಮುಳುಗಿ ಒಂಬತ್ತು ದಿನವಾದ ಮೇಲೆ.
ಆದರೂ ಒಡೆಯಿತಲ್ಲ! ಎಲ್ಲರೂ ಚಪ್ಪಾಳೆ ತಟ್ಟಿದರು.
ಕ್ಯಾಪ್ಟನ್ ಬಿಸ್ಕತ್ತು ತರಿಸಿದ.
ಹಂಚಿದವಳು ಕುಂಞಿಪಾತು.

ಅವಳ ಗಂಡ ಆ ಹಡಗಿನಲ್ಲಿ ಖಲಾಸಿ.

ದಿನಾ ಕೇಳುತ್ತಿದ್ದಳು,
ಕಾಗದ ಬಂತಾ ಬಾಯಿ, ನಿಮ್ಮದು ಕಾಗದದ ಆಫೀಸಲ್ವಾ?
ಇಲ್ಲ ಎನ್ನುತ್ತಿದ್ದೆ. ಸುಳ್ಳಲ್ಲ.
ಕಾಗದ ಬಂದಿರಲಿಲ್ಲ.

ಎರಡು ತಿಂಗಳಿಗೆ ಸರ್ಕಾರದ ತಂತಿ ಬಂತು.
ಇದ್ದತ್ತು ಮುಗಿಸಿ ಬಂದಳು, ಪಾತ್ರೆ ಕೆಳಗಿಟ್ಟಳು,
ನನ್ನನ್ನು ಒಮ್ಮೆ ನೋಡಿದಳು.
ತಂತಿಯಲ್ಲಿ ತಾರೀಕು ಇತ್ತು.
ಬಿಸ್ಕತ್ತಿನ ದಿನ ಅವಳಿಗೂ ನೆನಪಿದ್ದೀತು.
ಎಣಿಸಲಿಕ್ಕೆ ನಮಗೆ ಮಾತ್ರ ಬರುತ್ತದೆಂದು
ಯಾರು ಹೇಳಿದ್ದು?
ಎಷ್ಟೆಲ್ಲ ಬಿಡಿಸಿದೆ ಮಗಾ.
ಆ ನೋಟ ಬಿಡಿಸಲಿಕ್ಕೆ ಆಗಲೇ ಇಲ್ಲ.’

ಸಮಿತಿಯವರ ನಕ್ಷೆ ಬಿಚ್ಚಿ ತೋರಿಸಿದೆ.
ಇಲ್ಲಿ ಹಿತ್ತಾಳೆ ಫಲಕ, ಕ್ಯಾಪ್ಟನ್‌ನ ಹೆಸರು,
ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಒಂದು ಯಂತ್ರ.
‘ಎಂತ ಯಂತ್ರ? ರಬ್ಬರ್ ಕೂಡ ಎಣಿಸಿ ಕೊಡುತ್ತಿದ್ದರು.’
ಊರುಗೋಲು ಹೊಸ್ತಿಲ ಕಡೆ ಹೋಯಿತು.
ಕೆಂಪು ನೆಲದಲ್ಲಿ ಸವೆದ ಒಂದು ವೃತ್ತ,
ದಿನವೂ ಒಂದೇ ಕಡೆ ಪಾತ್ರೆ ಕೂತ ಗುರುತು.
‘ಇದನ್ನು ಉಳಿಸುತ್ತೀರಾ?’

ಮೊಣಕಾಲೂರಿ ಅಳೆದೆ. ಹತ್ತೊಂಬತ್ತು ಸೆಂಟಿಮೀಟರ್.
ಬಾಗಿಲಿನಿಂದ ಮೂವತ್ತೊಂದು.
ಒಂಬತ್ತನೇ ಕಲಮಿನಲ್ಲಿ ಅಷ್ಟನ್ನೇ ಬರೆದೆ.

ನಮೂನೆ ಹಿಂದಕ್ಕೆ ಬಂದಿದೆ.
ಕೆಂಪು ಶಾಯಿಯಲ್ಲಿ, ‘ಅರ್ಥವಾಗುತ್ತಿಲ್ಲ.’

ಅವೇ ಅಂಕೆಗಳನ್ನು ಮತ್ತೊಮ್ಮೆ ಬರೆದು ಕಳಿಸುತ್ತಿದ್ದೇನೆ.
ಎರಡು ಸಲ ಬಂದರೆ
ಯಾರಾದರೂ ಕೈ ಎತ್ತಿಯಾರು.