ಕುಯ್ಲುಕ್ ಸಂತೆಯ ಗಜ್ಜರಿ

ಬೆಳಗಿನ ಐದಕ್ಕೆ ಬಸ್ಸಿಲ್ಲ.
ಎರ್ಗಾಶನ ಡಮಾಸ್ ವ್ಯಾನಿನಲ್ಲಿ
ನಾನು, ಐದು ಬಕೆಟ್ಟು, ಎರಡು ಮೂಟೆ ಗಜ್ಜರಿ.
ಹನ್ನೊಂದು ವರ್ಷದಿಂದ ಅವನ ಕ್ಷೇಮಸಮಾಚಾರ ಒಂದೇ:
"ರಿಮ್ಮಾ ಓಪಾ, ನಿಮ್ಮವರೆಲ್ಲ ಹೊರಟುಹೋದರು,
ನೀವು ಯಾವಾಗ ನಿಮ್ಮೂರಿಗೆ?"
ಕೆಟ್ಟವನಲ್ಲ. ಮೂರು ವರ್ಷದಿಂದ ಬಾಡಿಗೆ ಏರಿಸಿಲ್ಲ.
ಸಂತೆಯ ಗೇಟು ಬಂದಾಗ ಹೇಳುತ್ತೇನೆ,
ನಮ್ಮೂರು ಬಂತು, ಇಳಿಸು.
ಅವನು ನಗುತ್ತಾನೆ. ನಾನು ನಕ್ಕಿರುವುದಿಲ್ಲ.

ಮೂವತ್ತೇಳರಲ್ಲಿ ನಮ್ಮಜ್ಜನನ್ನು ದನದ ರೈಲಿಗೆ ತುಂಬಿದರು,
ಪೂರ್ವದ ಕಡಲ ದಂಡೆಯಿಂದ ಈ ಜೊಂಡಿನ ಬಯಲಿಗೆ.
ಒಂದು ತಿಂಗಳ ದಾರಿ.
ಇಳಿದಾಗ ಅಜ್ಜಿಯ ಸೊಂಟದಲ್ಲಿ ಬತ್ತದ ಬೀಜದ ಗಂಟಿತ್ತು,
ಮಡಿಲಲ್ಲಿದ್ದ ಮಗು ಇರಲಿಲ್ಲ.
ಉಪ್ಪು ಹಚ್ಚಿ ಹುದುಗಿಸಲು ಅವಳು ಎಲೆಕೋಸು ಹುಡುಕಿದಳು.
ಸಿಕ್ಕಿದ್ದು ಗಜ್ಜರಿ.
ಎಳೆ ಎಳೆ ಹೆಚ್ಚಿ, ಬೆಳ್ಳುಳ್ಳಿ, ಖಾರ, ವಿನಿಗರ್,
ಕೊತ್ತಂಬರಿ ಬೀಜ (ಅದು ಈ ನೆಲದ್ದು),
ಮೇಲೆ ಕಾದ ಎಣ್ಣೆ, ಚುಂಯ್.
ಇಲ್ಲದ್ದರ ನೆನಪಿಗೆ ಇದ್ದದ್ದನ್ನು ಒಗ್ಗಿಸಿದಳು,
ಯಾರ ಅಪ್ಪಣೆಯನ್ನೂ ಕೇಳಲಿಲ್ಲ.

ಅಮ್ಮ ಜುಲ್ಖುಮೋರ್, ಚಿರ್ಚಿಕ್ ಹೊಳೆಯ ಕಡೆಯ ಹತ್ತಿ ಹೊಲದವಳು.
ಅವಳದ್ದು ಹಳದಿ ಗಜ್ಜರಿ, ಪುಲಾವಿಗೆ.
ಮದುವೆಗೆ ಎರಡೂ ಕಡೆಯವರು ಬರಲಿಲ್ಲ;
ಉಂಡವರು ಅಕ್ಕಪಕ್ಕದ ತಾತಾರರು, ಒಬ್ಬ ಗ್ರೀಕ್ ಮೆಕ್ಯಾನಿಕ್ಕು.
ನಾನು ಹುಟ್ಟಿದ ಮೇಲೆ ಎಲ್ಲರೂ ಬಂದರು,
ಕಣ್ಣು ಯಾರದ್ದೆಂದು ನೋಡಲಿಕ್ಕೆ.

ಅನ್ಸಾನಿನ ಕಾರ್ಖಾನೆಯಲ್ಲಿ ಎರಡು ವರ್ಷ ತಿರುಪು ಬಿಗಿದೆ.
ಅಲ್ಲಿ ದಾರಿಯಲ್ಲಿ ಹೋಗುವವರಿಗೆಲ್ಲ ನನ್ನಪ್ಪನ ಮುಖ.
ಬಾಯಿ ತೆರೆದರೆ ಮುಗಿಯಿತು.
ಅಜ್ಜಿಯಿಂದ ಕಲಿತ ನಾಲ್ಕು ಮಾತಾಡಿದರೆ ಮೇಸ್ತ್ರಿ ಕೇಳಿದ,
ಈ ನುಡಿಯನ್ನು ಯಾವ ಗೋರಿಯಿಂದ ಅಗೆದು ತಂದೆ?
ಊಟದ ಹೊತ್ತಿಗೆ ನನ್ನ ಡಬ್ಬಿ ಮೂಸಿ ಜೊತೆಗಾತಿ ಅಂದಳು,
"ಇದು ನಮ್ಮದಲ್ಲವಲ್ಲ."
ನಿಜ, ಅಲ್ಲ.
ಯಾರದ್ದು ಹಾಗಾದರೆ ಎಂದು ಅವಳು ಕೇಳಲಿಲ್ಲ.
ಡಬ್ಬಿ ಮುಚ್ಚಿದೆ.
ಆ ಮುಚ್ಚಳದ ಸದ್ದು ಇನ್ನೂ ಕಿವಿಯಲ್ಲಿದೆ.

ಇವತ್ತು ಮಧ್ಯಾಹ್ನ ಒಬ್ಬ ಹುಡುಗ ಬಂದ,
ಕಂಕುಳಲ್ಲಿ ನೋಟುಬುಕ್ಕು, ವಿಶ್ವವಿದ್ಯಾಲಯದವನಂತೆ.
"ನಿಮ್ಮ ಬೇರು ಎಲ್ಲಿಯದು?"
ಕೈಯಲ್ಲಿದ್ದದ್ದನ್ನು ಎತ್ತಿ ತೋರಿಸಿದೆ.
ಮಣ್ಣು ಇನ್ನೂ ಆರಿರಲಿಲ್ಲ.
ಇದು ಬೇರು, ನೋಡಪ್ಪ.
ತೊಳೆದು, ಸಿಪ್ಪೆ ಹೆರೆದು, ಹೆಚ್ಚಿ, ಮಾರುತ್ತೇನೆ.
ಇಷ್ಟು ವರ್ಷ ಬೇರು ಕೇಳಿದವರಿಗೆಲ್ಲ
ಬೇಕಿದ್ದ ಉತ್ತರ "ಬೇರೆ".

"ಅರ್ಧ ಕೊರಿಯನ್, ಅರ್ಧ ಉಜ್ಬೆಕ್ ಎಂದು ಬರೆದುಕೊಳ್ಳಲೇ?"
ಅರ್ಧ, ಕಾಲು, ಮುಕ್ಕಾಲು ತಕ್ಕಡಿಯ ಮಾತು, ಮಗು.
ಕಲಸಿದ ಮೇಲೆ ಉಪ್ಪನ್ನು ಹೆಕ್ಕಿ ತೂಗುವ ತಕ್ಕಡಿ
ನಾನು ಕಂಡಿಲ್ಲ.
ಬರೆದುಕೊಂಡ.
ದೊಡ್ಡ ಮಾತಾಡಿಬಿಟ್ಟೆನಲ್ಲ ಎಂದು ನಾಚಿಕೆಯಾಯಿತು.
ಯಾಕೆಂದರೆ ಕೆಲವು ರಾತ್ರಿ ಕನ್ನಡಿಯ ಮುಂದೆ
ನಾನೇ ತೂಗುತ್ತ ನಿಂತಿದ್ದೇನೆ,
ಹುಬ್ಬು ಅತ್ತ, ಮೂಗು ಇತ್ತ,
ಬೈಗುಳವೆಲ್ಲ ರಷ್ಯನ್ನಿನದು, ಅದನ್ನು ಯಾವ ತಟ್ಟೆಗೆ ಹಾಕಲಿ?

ಈ ವಾರದಿಂದ ಹಳದಿ, ಕೆಂಪು ಎರಡನ್ನೂ ಕೂಡಿಸಿ ಹೆಚ್ಚುತ್ತಿದ್ದೇನೆ.
ಪಕ್ಕದ ಕಟ್ಟೆಯ ವೇರಾ ಶೆಗಾಯ್ ಮೂಗು ಮುರಿದಳು,
"ಹೀಗೆ ಯಾರು ಮಾಡುತ್ತಾರೆ?"
ನಾನು.
ಹಳದಿಯದು ಬೇಗ ಮೆತ್ತಗಾಗುತ್ತದೆ, ಅದನ್ನು ಒಂದಿಷ್ಟು ದಪ್ಪ ಹೆಚ್ಚಬೇಕು;
ಮೊದಲ ದಿನ ಗೊತ್ತಿರಲಿಲ್ಲ, ಅರ್ಧ ಬಕೆಟ್ಟು ಹಾಳಾಯಿತು.

ಸಂಜೆ ಒಂದು ಬಕೆಟ್ಟು ಉಳಿಯಿತು.
ಎರ್ಗಾಶನಿಗೆ ಒಂದು ಪೊಟ್ಟಣ ಕಟ್ಟಿಕೊಟ್ಟೆ.
ಗೇರು ಹಾಕುತ್ತ ಏನೋ ಅಂದ.
ಮನೆಗೆ ಎಂದನೋ, ನಿಮ್ಮೂರಿಗೆ ಎಂದನೋ,
ಇಂಜಿನ್ನಿನ ಸದ್ದಿನಲ್ಲಿ ಸರಿಯಾಗಿ ಕೇಳಿಸಲಿಲ್ಲ.
ಹ್ಞೂಂ, ಹೊರಡು ಎಂದೆ.