ಐದನೇ ಡಬ್ಬಿ

ಆ ಗ್ರೀಕ್ ದೊರೆಯನ್ನು ನಾನು ಪೂರಾ ನೋಡಿದವನಲ್ಲ,
ಹೊತ್ತವನು.
ಕ್ಯಾರಿಯರ್ರಿಗೆ ಹಳೇ ಟ್ಯೂಬಿನಲ್ಲಿ ಬಿಗಿದು
ಪೇಟೆಯ ಟಾಕೀಸಿನಿಂದ ನಾಲೆಯಾಚೆಯ ಟೆಂಟಿಗೆ
ಒಂದೊಂದೇ ಡಬ್ಬಿ, ಇನ್ನೂ ಬಿಸಿ.
ಪ್ರಿಂಟು ಒಂದು, ಪರದೆ ಎರಡು,
ನಡುವೆ ಮಂಡ್ಯದ ಕತ್ತಲು, ನನ್ನ ಸೈಕಲ್ಲು.

ಜಬ್ಬಾರ್ ಸಾಬರು ಮುಗಿದ ಸುರುಳಿ ಹಿಂದಕ್ಕೆ ಸುತ್ತುವಾಗ
ಕಿಂಡಿಯಲ್ಲಿ ಎರಡು ನಿಮಿಷ ನನ್ನದು.
ಎರಡು ನಿಮಿಷದಲ್ಲಿ ಹುಡುಗ ಕುದುರೆ ಪಳಗಿಸಿದ.
ಇನ್ನೆರಡರಲ್ಲಿ ಅವನಪ್ಪನನ್ನು ಯಾರೋ ಇರಿದರು.
ಆಮೇಲೆ ಬರೀ ಧೂಳು,
ಮಂಡಿ ಕಾಣುವ ಲಂಗದ ಗಂಡಸರು,
ತಗಡಿನ ಎದೆ, ಹುಂಜದ ಜುಟ್ಟು.

ನಾಲ್ಕರಲ್ಲಿ ಆನೆ ಬಂದವು.
ಅರಮನೆ ಲಾಯದಲ್ಲಿ ಕಾವಾಡಿಯಾಗಿದ್ದ ಮುದುಕನೊಬ್ಬ
ಗಾಂಧಿ ಕ್ಲಾಸಿನಿಂದ ಎದ್ದು ನಿಂತ:
‘ಕಿವಿ ನೋಡ್ರಪ್ಪ, ಮೊರದಂಗವೆ!
ಇವು ನಮ್ಮವಲ್ಲ, ಎಲ್ಲಿಂದ್ಲೋ ತಂದವ್ರೆ.’
ಮುಂದಿನ ಯುದ್ಧವೆಲ್ಲ
ಅವನನ್ನು ಕೂರಿಸುವುದರಲ್ಲೇ ಮುಗಿಯಿತು.

ಐದರಲ್ಲಿ ದೊರೆ ಒಂದು ಹೊಳೆಯ ದಡಕ್ಕೆ ಬಂದು
ಕುದುರೆ ಇಳಿದ.
ನೀರು ನೋಡಿದ.
ಹಿಂದೆ ದಂಡು ಕದಲಲಿಲ್ಲ.
‘ಓಡು ತಮ್ಮಣ್ಣಿ’ ಎಂದು ಸಾಬರು ನಾಲ್ಕನೆಯದನ್ನು ಕೈಗಿಟ್ಟರು.
ತಿರುಗಿ ಬರುವಷ್ಟರಲ್ಲಿ ಐದೂ ಮುಗಿದು
ಡಬ್ಬಿಯೊಳಗೆ ಮಲಗಿತ್ತು.

ಅದನ್ನು ಹೊತ್ತ ರಾತ್ರಿ
ಫ್ಯಾಕ್ಟರಿಯ ಗೇಟಿನಿಂದ ನಾಲೆಯ ಸೇತುವೆಯವರೆಗೆ
ಕಬ್ಬಿನ ಗಾಡಿ.
ಗಾಡಿಯ ಹಿಂದೆ ಗಾಡಿ, ಲಾಟೀನಿನ ಹಿಂದೆ ಲಾಟೀನು,
ನೊಗ ಇಳಿಸಿ ಮಲಗಿದ ಎತ್ತು,
ಗಾಳಿಗೆಲ್ಲ ಕಾಕಂಬಿಯ ವಾಸನೆ.
ಬೆಲ್ಲು ಹೊಡೆದೆ, ಬೇಡಿಕೊಂಡೆ.
ಕೀಲಾರದ ಗಾಡಿಯವನು ಕಂಬಳಿಯೊಳಗಿಂದ ಕೇಳಿದ,
‘ಏನ್ಲಾ ಅದು ಡಬ್ಬೀಲಿ?’
‘ರಾಜ ಅವ್ನೆ ಕಣಣ್ಣ. ಪರ್ಪಂಚ ಗೆದ್ದೋನು.’
‘ಚೀಟಿ ತಕಂಡು ಸಾಲಲ್ಲಿ ನಿಂತ್ಕೊಳಾಕೇಳು.
ನಾವು ನೆನ್ನೆ ಮಧ್ಯಾಹ್ನದಿಂದ ಅವ್ರೆ.’

ಅತ್ತ ಟೆಂಟಿನಲ್ಲಿ ಪರದೆ ಬೆಳ್ಳಗೆ.
ಸಿಳ್ಳೆ, ಕಡಲೆಕಾಯಿ ಸಿಪ್ಪೆಯ ಸುರಿಮಳೆ.
ಮೈಕಿನಲ್ಲಿ ಕತೆ ಬಿಡಿಸಿ ಹೇಳುವವನು
ಆಸ್ಪತ್ರೆಯ ಕಂಪೌಂಡರ್ ಕೆಂಪರಾಜು.
ಇಂಗ್ಲಿಷು ಅವನಿಗೆ ಬಾಟಲಿಯ ಚೀಟಿಯಷ್ಟೇ ಬರುತ್ತಿತ್ತು,
ಧೈರ್ಯ ಮಾತ್ರ ಆಸ್ಪತ್ರೆಯಷ್ಟು ದೊಡ್ಡದು.
ಖಾಲಿ ಪರದೆಗೆ ಬೆನ್ನು ಕೊಟ್ಟು ಶುರುಮಾಡಿದನಂತೆ:
ದೊರೆ ಹೊಳೆಗೆ ಬಿದ್ದ! ದಾಟಿದ!
ವಿಂಧ್ಯ ಹತ್ತಿದ, ಇಳಿದ,
ತುಂಗಭದ್ರೆಯಲ್ಲಿ ಮಿಂದ,
ಶ್ರೀರಂಗಪಟ್ಟಣದ ಕಂದಕದ ಪಕ್ಕ ಡೇರೆ ಹೊಡೆದ,
ಬಾಬುರಾಯನಕೊಪ್ಪಲಲ್ಲಿ ಕುದುರೆಗೆ ನೀರು ಕುಡಿಸಿದ,
ಇಗೋ ಇಂಡುವಾಳು ಬಿಟ್ಟ,
ಇಗೋ, ನಾಲೆಯ ಏರಿಯ ಮೇಲೆ ಗೊರಸಿನ ಸದ್ದು,
ಕೇಳ್ತಾ ಅದಾ?

ಸಿಳ್ಳೆ ನಿಂತಿತಂತೆ.
ಮಡಿಲಲ್ಲಿ ಮಗು ಮಲಗಿಸಿಕೊಂಡವಳು
ಸೆರಗು ಹೊದಿಸಿದಳಂತೆ.
ಇಬ್ಬರು ಹುಡುಗರು ಚಪ್ಪಲಿ ಕೈಗೆ ತಗೊಂಡರಂತೆ,
ಓಡಲೋ ಹೊಡೆಯಲೋ, ಅವರಿಗೂ ತಿಳಿಯದು.

ಆಗ ಟೆಂಟಿನ ಗೋಣಿಯ ಬಾಗಿಲು ಸರಿಸಿ
ಬಂದವನು ನಾನು.
ಮೈಯೆಲ್ಲ ಕಬ್ಬಿನ ಗರಿ ಗೀರಿದ ಗಾಯ,
ಒಂದು ಕಾಲಲ್ಲಿ ಮಾತ್ರ ಚಪ್ಪಲಿ,
ತಲೆಯ ಮೇಲೆ ಡಬ್ಬಿ.
ಸೈಕಲ್ಲನ್ನು ಗಾಡಿಯವನ ಕೈಗೊಪ್ಪಿಸಿ
ಎತ್ತುಗಳ ಸಂದಿಯಲ್ಲಿ ನುಸುಳಿ,
ಸೇತುವೆ ಸಿಗದೆ
ಸೊಂಟದುದ್ದ ನೀರಲ್ಲಿ ನಾಲೆ ಹಾಯ್ದು ಬಂದಿದ್ದೆ.

ಟೆಂಟಿಗೆ ಟೆಂಟೇ ಎದ್ದು ನಿಂತಿತು.
ಅಂಥ ಚಪ್ಪಾಳೆ ಮತ್ತೆ ನನಗೆ ಬೀಳಲಿಲ್ಲ.

ಡಬ್ಬಿ ಕೊಟ್ಟು, ಆರನೆಯದಕ್ಕೆಂದು ಹಾಗೇ ತಿರುಗಿದೆ.
ಆಮೇಲೆ ಆದದ್ದು ಕೆಂಪರಾಜು ಹೇಳಿದ್ದು:
ಐದನೇ ಡಬ್ಬಿಯಲ್ಲಿ ಸಿಪಾಯಿಗಳು
ಹೆಂಡತಿಯರನ್ನು ನೆನೆದು ಅಳುತ್ತಾರೆ,
ಸಾಕು ಅನ್ನುತ್ತಾರೆ,
ದೊರೆ ಮುಖ ತಿರುಗಿಸಿ ಹೊರಟುಹೋಗುತ್ತಾನೆ.
ಇಂಡುವಾಳಿನವರೆಗೆ ಬಂದವನು
ವಾಪಸ್ಸು ಹೋದದ್ದು ಯಾಕೆ ಎಂದು
ಜನ ಕಂಪೌಂಡರನ ಕೊರಳಪಟ್ಟಿ ಹಿಡಿದರು.

ಕೊನೆಯ ಆಟ ಮುಗಿದ ಮೇಲೆ ಸಾಬರನ್ನು ಕೇಳಿದೆ,
‘ಹಂಗಾದ್ರೆ ಅವ್ನು ಹೊಳೆ ದಾಟ್ಲೇ ಇಲ್ವಾ?’
ಮೆಷಿನ್ನಿನ ಮಸಿ ಒರೆಸುತ್ತ
ನನ್ನ ಒದ್ದೆ ಚಡ್ಡಿ ನೋಡಿದರು,
ಏನೂ ಹೇಳಲಿಲ್ಲ,
ತಮ್ಮ ಟೀ ಅರ್ಧ ಸುರಿದು ಕೊಟ್ಟರು.

ತಡವಾದದ್ದಕ್ಕೆ ಮ್ಯಾನೇಜರು
ನಾಲ್ಕಾಣೆ ಮುರಿದುಕೊಂಡ.